ಕಲಿಸುವವರ ಕಲಿಕೆ: ಕುಂದಾಪುರ ಸೀಮೆಯ ಶಿಕ್ಷಣದಲ್ಲಿ ವೈವಿಧ್ಯ, ಒಳಗೊಳ್ಳುವಿಕೆ ಮತ್ತು ಹೊರನಾಡಿನ ಸಂಪರ್ಕ

೧. ಪ್ರವೇಶ

ಕರ್ನಾಟಕ ಕರಾವಳಿಯ ಆಧುನಿಕ ಶಿಕ್ಷಣದ ಚರಿತ್ರೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಮಂಗಳೂರನ್ನು ಕೇಂದ್ರವಾಗಿ ಇರಿಸಿಕೊಂಡಿವೆ. ಮುದ್ರಣಾಲಯ, ಪತ್ರಿಕೆ, ನಿಘಂಟು, ಕಾಲೇಜು ಇವೆಲ್ಲವೂ ಅಲ್ಲಿಯೇ ಹುಟ್ಟಿದುದರಿಂದ ಇದು ಸಹಜವೇ. ಆದರೆ ಪಂಚಗಂಗಾವಳಿಯ ಅಳಿವೆಯಿಂದ ಉತ್ತರದ ಶಿರೂರಿನವರೆಗೂ ದಕ್ಷಿಣದ ಬಾರಕೂರಿನವರೆಗೂ ಹಬ್ಬಿರುವ ಕುಂದಾಪುರ ಸೀಮೆಗೆ ಈ ಚರಿತ್ರೆಯಲ್ಲಿ ತನ್ನದೇ ಆದ ಸ್ಥಾನವಿದೆ. ಹಿಂದೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ಸೀಮೆ ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯದ ಭಾಗವಾಯಿತು. ೧೯೯೭ರಲ್ಲಿ ರಚನೆಯಾದ ಉಡುಪಿ ಜಿಲ್ಲೆಗೆ ಸೇರಿತು. ೨೦೧೮ರಲ್ಲಿ ಬೈಂದೂರು ಮತ್ತು ಬ್ರಹ್ಮಾವರಗಳು ಪ್ರತ್ಯೇಕ ತಾಲ್ಲೂಕುಗಳಾಗಿ ಕಾರ್ಯಾರಂಭ ಮಾಡಿದವು.

ಇಂದು ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳು ತಮ್ಮ ಶಿಕ್ಷಕ ವಿದ್ಯಾರ್ಥಿಗಳನ್ನು ಅನ್ಯದೇಶದ ಶಾಲೆಗಳಿಗೆ ಕಳುಹಿಸಿ, ಬಹುಭಾಷಿಕ ಹಾಗೂ ಬಹುಸಮುದಾಯದ ತರಗತಿಗಳಲ್ಲಿ ಕಲಿಸುವ ಅನುಭವವನ್ನು ಒದಗಿಸುತ್ತಿವೆ. ಇದನ್ನು ಹೊಸ ವಿದ್ಯಮಾನವೆಂದು ಭಾವಿಸುವುದು ರೂಢಿ. ಆದರೆ ಶಿಕ್ಷಕರ ತಯಾರಿಗಾಗಿ ಹೊರನಾಡಿನೊಡನೆ ಕೊಡುಕೊಳ್ಳುವಿಕೆ ನಡೆಸುವ ಕಾರ್ಯ ಈ ಕರಾವಳಿಗೆ ಒಂದೂಮುಕ್ಕಾಲು ಶತಮಾನಕ್ಕೂ ಮಿಕ್ಕಿದ ಪರಿಚಯವುಳ್ಳದ್ದು. ಆ ಕೊಡುಕೊಳ್ಳುವಿಕೆಯಲ್ಲಿ ಯಾರು ಕೊಟ್ಟರು, ಯಾರು ಕೊಂಡರು, ಶಾಲೆಯ ಹೊರಗೆ ಉಳಿದಿದ್ದ ಮಗುವಿಗೆ ಅದರಿಂದ ದೊರೆತುದೇನು ಎಂಬ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೨. ಸೀಮೆಯ ಸ್ವರೂಪ

ಕುಂದಾಪುರ ಸೀಮೆಯ ತರಗತಿಯೊಂದನ್ನು ಅರ್ಥಮಾಡಿಕೊಳ್ಳಬೇಕಾದರೆ ಮೊದಲು ಅಲ್ಲಿಯ ಭಾಷಾಸ್ಥಿತಿಯನ್ನು ಗಮನಿಸಬೇಕು. ಬಹುಸಂಖ್ಯಾತರ ಮನೆಮಾತು ಕುಂದಗನ್ನಡ. ಬ್ರಹ್ಮಾವರದ ದಕ್ಷಿಣಕ್ಕೆ ಸಾಗಿದಂತೆ ತುಳುವಿನ ವ್ಯಾಪ್ತಿ ಹೆಚ್ಚುತ್ತದೆ. ಗೌಡ ಸಾರಸ್ವತರು, ಕ್ರೈಸ್ತರು, ಖಾರ್ವಿಗಳು, ಕುಡುಬಿಗಳು ಕೊಂಕಣಿಯ ಬೇರೆ ಬೇರೆ ಪ್ರಭೇದಗಳನ್ನು ಆಡುತ್ತಾರೆ. ಶಿರೂರು ಭಾಗದ ನವಾಯತರದು ನವಾಯತಿ. ಇತರ ಮುಸಲ್ಮಾನ ಕುಟುಂಬಗಳಲ್ಲಿ ಉರ್ದು ಬಳಕೆಯಲ್ಲಿದೆ. ಕೊರಗ ಸಮುದಾಯಕ್ಕೆ ತನ್ನದೇ ಆದ ನುಡಿಯಿದೆ. ಹೀಗೆ ಒಂದೇ ಪ್ರಾಥಮಿಕ ಶಾಲೆಯ ಮೊದಲ ತರಗತಿಗೆ ಮೂರು ನಾಲ್ಕು ಮನೆಮಾತುಗಳ ಮಕ್ಕಳು ಬರುವುದು ಇಲ್ಲಿ ಅಪವಾದವಲ್ಲ.

ಕುಂದಗನ್ನಡವನ್ನೇ ಮನೆಯಲ್ಲಿ ಆಡುವ ಮಗುವಿಗೂ ಪಠ್ಯಪುಸ್ತಕದ ಭಾಷೆ ಪರಕೀಯವಾಗಿ ಕಾಣುವುದುಂಟು. ಈ ಮಗು ‘ಬರುವುದು’ ಎಂಬುದನ್ನು ‘ಬಪ್ಪುದು’ ಎಂದೂ ‘ಹೋಗುವುದು’ ಎಂಬುದನ್ನು ‘ಹೋಪುದು’ ಎಂದೂ ಹೇಳುತ್ತದೆ. ಶಾಲೆಯಲ್ಲಿ ಇದು ತಪ್ಪೆಂದು ತಿದ್ದಲ್ಪಡುತ್ತದೆ. ವಾಸ್ತವವಾಗಿ ಇವು ಹಳಗನ್ನಡದ ‘ಬರ್ಪ’, ‘ಪೋಪ’ ಎಂಬ ರೂಪಗಳ ನೇರ ವಾರಸುದಾರರು. ಪ್ರೌಢಶಾಲೆಯಲ್ಲಿ ಇದೇ ಮಗು ಹಳಗನ್ನಡ ಪದ್ಯವನ್ನು ಓದುವಾಗ ತನ್ನ ಅಜ್ಜಿಯ ಮಾತಿನ ರೂಪವನ್ನೇ ಕಷ್ಟಪಟ್ಟು ಕಂಠಪಾಠ ಮಾಡಬೇಕಾಗುತ್ತದೆ. ವೈವಿಧ್ಯವನ್ನು ಕೊರತೆಯೆಂದು ಕಾಣುವ ಶಿಕ್ಷಕನಿಗೂ ಅದನ್ನು ಬಂಡವಾಳವೆಂದು ಕಾಣುವ ಶಿಕ್ಷಕನಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಎರಡನೆಯ ಅಂಶ ಜಾತಿ ವ್ಯವಸ್ಥೆ. ಅಸ್ಪೃಶ್ಯತೆಯ ಅತ್ಯಂತ ಕಠೋರ ರೂಪಗಳಲ್ಲಿ ಒಂದಾದ ‘ಅಜಲು’ ಪದ್ಧತಿಗೆ ಕೊರಗರು ಗುರಿಯಾಗಿದ್ದರು. ಅದನ್ನು ನಿಷೇಧಿಸಲು ಕರ್ನಾಟಕ ಶಾಸನಸಭೆ ಪ್ರತ್ಯೇಕ ಕಾಯಿದೆಯನ್ನೇ ರಚಿಸಬೇಕಾಯಿತು. ಅದು ೨೦೦೦ದ ಇಸವಿಯ ಕಾಯಿದೆ ಎಂಬುದು ಗಮನಾರ್ಹ. ಮೂರನೆಯದು ವಲಸೆ. ಮಲೆಯ ತಪ್ಪಲಿನ ಹಾಗೂ ಕಡಲಂಚಿನ ಬಡ ಕುಟುಂಬಗಳ ಬಾಲಕರು ಬೆಂಗಳೂರು, ಮುಂಬಯಿಗಳ ಹೋಟೆಲುಗಳಿಗೆ ತಟ್ಟೆ ಲೋಟ ತೊಳೆಯಲು ಹೋಗುತ್ತಿದ್ದುದು ಇಪ್ಪತ್ತನೆಯ ಶತಮಾನದುದ್ದಕ್ಕೂ ಇಲ್ಲಿ ಸಾಮಾನ್ಯ ಸಂಗತಿಯಾಗಿತ್ತು. ಭಾಷೆ, ಜಾತಿ, ದುಡಿಮೆ ಈ ಮೂರೂ ಮಗುವನ್ನು ಶಾಲೆಯಿಂದ ಹೊರಗಿಡುವ ಗೋಡೆಗಳಾಗಿದ್ದವು.

೩. ಹೊರಗಿನಿಂದ ಬಂದ ಗುರುಗಳು

೧೮೩೪ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ನಿನಿಂದ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಎರಡು ವರ್ಷಗಳೊಳಗಾಗಿ ಅಲ್ಲಿ ಕನ್ನಡ ಶಾಲೆ ಆರಂಭವಾಯಿತು. ೧೮೩೬ರಲ್ಲಿ ಆಗಮಿಸಿದ ಹರ್ಮನ್ ಮೋಗ್ಲಿಂಗ್ ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದು ಸರ್ವವಿದಿತ. ಆದರೆ ಅವರು ಸ್ಥಳೀಯ ತರುಣರನ್ನು ಉಪದೇಶಕರನ್ನಾಗಿಯೂ ಉಪಾಧ್ಯಾಯರನ್ನಾಗಿಯೂ ತಯಾರುಮಾಡಲು ಪಾಠಶಾಲೆ ನಡೆಸಿದುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮಿಶನ್ನಿನ ಕಾರ್ಯ ಕ್ರಮೇಣ ಉಡುಪಿಗೂ ಬಸರೂರಿಗೂ ವಿಸ್ತರಿಸಿತು. ವಿದೇಶದಲ್ಲಿ ಶಿಕ್ಷಣ ಪಡೆದ ಗುರು ಮಂಗಳೂರಿನಲ್ಲಿ ಕಲಿಸುವುದು, ಅವನ ಶಿಷ್ಯ ಊರೂರಿಗೆ ಹೋಗಿ ಕಲಿಸುವುದು, ಇದು ಆ ವ್ಯವಸ್ಥೆಯ ವಿನ್ಯಾಸ.

ಈ ವ್ಯವಸ್ಥೆಯ ಎರಡು ಗುಣಗಳನ್ನು ಇಲ್ಲಿ ಹೇಳಬೇಕು. ಮೊದಲನೆಯದು, ಕಲಿಸುವವನು ಕಲಿಯುವವರ ಭಾಷೆಯನ್ನು ಮೊದಲು ಕಲಿಯಬೇಕೆಂಬ ನಿಯಮ. ಬಾಸೆಲಿನಿಂದ ಬಂದವರು ಕನ್ನಡ, ತುಳುಗಳನ್ನು ಕಲಿತರು. ೧೮೯೪ರಲ್ಲಿ ಪ್ರಕಟವಾದ ಕಿಟೆಲರ ನಿಘಂಟು ಈ ಶಿಸ್ತಿನ ಶಿಖರ. ಎರಡನೆಯದು, ವಿದ್ಯೆಯನ್ನು ಕೈಕಸುಬಿನೊಡನೆ ಬೆಸೆದುದು. ನೇಯ್ಗೆ, ಮುದ್ರಣ, ೧೮೬೫ರಿಂದ ಹೆಂಚಿನ ಕಾರ್ಖಾನೆ, ಇವು ಜಾತಿಯನ್ನು ತೊರೆದು ಬಂದವರಿಗೆ ಜೀವನಾಧಾರ ಒದಗಿಸಿದವು. ಇವುಗಳ ಜತೆಗೆ ಒಂದು ಮಿತಿಯನ್ನೂ ಹೇಳಬೇಕು. ಒಳಗೊಳ್ಳುವಿಕೆಯ ಪರಮಾವಧಿ ಇಲ್ಲಿ ಮತಾಂತರವೇ ಆಗಿತ್ತು. ಮಗುವನ್ನು ಅದು ಇದ್ದಂತೆ ಒಪ್ಪಿಕೊಳ್ಳುವುದಕ್ಕಿಂತ ಅದನ್ನು ಮತ್ತೊಂದು ಸಮುದಾಯದ ಸದಸ್ಯನನ್ನಾಗಿ ಮಾಡುವುದು ಅದರ ಆಶಯವಾಗಿತ್ತು. ಮೊದಲನೆಯ ಮಹಾಯುದ್ಧದ ಸಂದರ್ಭದಲ್ಲಿ ಜರ್ಮನ್ ಪ್ರಜೆಗಳಾಗಿದ್ದ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿರಿಸಿದಾಗ ಹೊರಗಿನ ಕೈ ಹಠಾತ್ತನೆ ಕಡಿದುಹೋಯಿತು. ಆಗಲೂ ಶಾಲೆಗಳು ಪೂರ್ತಿ ಮುಚ್ಚಿಹೋಗದಿದ್ದುದಕ್ಕೆ ಸ್ಥಳೀಯ ಉಪಾಧ್ಯಾಯ ವರ್ಗ ಸಿದ್ಧವಾಗಿದ್ದುದೂ ಒಂದು ಕಾರಣ.

ಇದೇ ಕಾಲದಲ್ಲಿ ಮಂಗಳೂರಿನಲ್ಲಿ ಮತ್ತೊಂದು ಬಗೆಯ ಸಂಪರ್ಕ ನಡೆಯುತ್ತಿತ್ತು. ೧೮೭೦ರಲ್ಲಿ ಫ್ರಾನ್ಸಿನಿಂದ ಬಂದ ಅಪೊಸ್ತಲಿಕ್ ಕಾರ್ಮೆಲ್ ಸಂನ್ಯಾಸಿನಿಯರು ಹೆಣ್ಣುಮಕ್ಕಳ ಶಿಕ್ಷಣವನ್ನೂ ಶಿಕ್ಷಕಿಯರ ತರಬೇತಿಯನ್ನೂ ಕೈಗೆತ್ತಿಕೊಂಡರು. ಅವರ ಸಂತ ಆ್ಯನ್ಸ್ ಸಂಸ್ಥೆಯಲ್ಲಿ ತರಬೇತಿ ಹೊಂದಿದ ಶಿಕ್ಷಕಿಯರು ಕರಾವಳಿಯ ಶಾಲೆಗಳಿಗೆ ಹೆಣ್ಣುಮಕ್ಕಳು ಬರಲು ದಾರಿ ಮಾಡಿದರು. ಬ್ರಹ್ಮಾವರದಲ್ಲಿ ೧೮೮೯ರ ಹೊತ್ತಿಗೆ ಗೋವಾ ಮೂಲದ ಆಲ್ವಾರಿಸ್ ಮಾರ್ ಜೂಲಿಯಸ್ ಹಾಗೂ ಪಾದ್ರಿ ನೊರೊನ್ಹಾ ಅವರ ನೇತೃತ್ವದಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ ಸಮುದಾಯವೊಂದು ಕೇರಳದ ಸಿರಿಯನ್ ಆರ್ಥೊಡಾಕ್ಸ್ ಪರಂಪರೆಗೆ ಸೇರಿತು. ೧೯೩೬ರಲ್ಲಿ ಕಾಲವಾದ ನೊರೊನ್ಹಾ ಅವರು ಬ್ರಹ್ಮಾವರದ ಶಿಕ್ಷಣಕಾರ್ಯಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು. ಮನೆಯಲ್ಲಿ ಕೊಂಕಣಿ, ಊರಿನಲ್ಲಿ ಕನ್ನಡ ಮತ್ತು ತುಳು ಎಂಬ ಈ ಸಮುದಾಯದ ಬಹುಭಾಷಿಕ ಬದುಕು ಸೀಮೆಯ ವೈವಿಧ್ಯಕ್ಕೆ ಒಂದು ನಿದರ್ಶನ.

೪. ಒಳಗಿನಿಂದ ಎದ್ದ ಪ್ರಶ್ನೆ

ಜಾತಿಯ ಗೋಡೆಯ ವಿಷಯದಲ್ಲಿ ಸರ್ಕಾರಿ ಶಾಲೆಗಳ ಸ್ಥಿತಿ ಹೇಗಿತ್ತೆಂಬುದಕ್ಕೆ ೧೮೫೬ರ ಧಾರವಾಡದ ಪ್ರಕರಣವೇ ಸಾಕ್ಷಿ. ಮಹಾರ್ ಬಾಲಕನೊಬ್ಬ ಸರ್ಕಾರಿ ಶಾಲೆಗೆ ಪ್ರವೇಶ ಬಯಸಿ ಅರ್ಜಿ ಸಲ್ಲಿಸಿದಾಗ ಮುಂಬಯಿ ಸರ್ಕಾರ ಅದನ್ನು ನಿರಾಕರಿಸಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ೧೮೯೩ರಲ್ಲಿ ಪಂಚಮರ ಶಿಕ್ಷಣಕ್ಕೆ ಸಂಬಂಧಿಸಿದ ವಿಶೇಷ ಸರ್ಕಾರಿ ಆದೇಶ ಹೊರಬಿದ್ದಿತು. ಇದಕ್ಕೆ ಒಂದು ವರ್ಷ ಮೊದಲೇ ಕುದ್ಮುಲ್ ರಂಗರಾವ್ ಅವರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಿದ್ದರು. ೧೮೯೭ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿಸಿದರು. ಮಿಶನ್ ಎಂಬ ಹೆಸರಿನಲ್ಲಿಯೇ ಬಾಸೆಲಿನ ಮಾದರಿಯ ನೆನಪಿದೆ. ಆದರೆ ಗುರಿ ಬೇರೆ. ಮತಾಂತರವಿಲ್ಲದೆ, ವಿದ್ಯೆ, ಕಸುಬು, ವಸತಿ ಈ ಮೂರನ್ನೂ ಒದಗಿಸಬೇಕೆಂಬುದು ರಂಗರಾಯರ ಸಂಕಲ್ಪ. ಹೊರಗಿನ ಮಾದರಿಯನ್ನು ಸ್ವೀಕರಿಸಿ, ಅದರ ಉದ್ದೇಶವನ್ನು ತಿದ್ದಿಕೊಂಡ ಮೊದಲ ಗಂಭೀರ ಪ್ರಯತ್ನವೆಂದು ಇದನ್ನು ಪರಿಗಣಿಸಬಹುದು.

ಆದರೂ ಅದು ಪ್ರತ್ಯೇಕ ಶಾಲೆಯೇ. ಒಂದೇ ಬಾವಿಯ ನೀರು, ಒಂದೇ ಹಲಗೆಯ ಮೇಲೆ ಕುಳಿತ ಮಕ್ಕಳು ಎಂಬ ಕಲ್ಪನೆ ಇನ್ನೂ ದೂರದಲ್ಲಿತ್ತು. ೧೯೩೪ರ ಫೆಬ್ರವರಿಯಲ್ಲಿ ಗಾಂಧೀಜಿಯವರು ಹರಿಜನ ಪ್ರವಾಸದ ಅಂಗವಾಗಿ ಮಂಗಳೂರು, ಉಡುಪಿ, ಕುಂದಾಪುರಗಳಿಗೆ ಭೇಟಿಯಿತ್ತಾಗ ಈ ಪ್ರಶ್ನೆ ಸೀಮೆಯ ಸಾರ್ವಜನಿಕ ಬದುಕಿನ ನಡುವಿಗೆ ಬಂದಿತು. ೧೯೩೭ರ ವಾರ್ಧಾ ಶಿಕ್ಷಣ ಯೋಜನೆ ಕೈಕೆಲಸವನ್ನೇ ಕಲಿಕೆಯ ಕೇಂದ್ರವನ್ನಾಗಿಸಿದುದನ್ನೂ ಇಲ್ಲಿಯೇ ನೆನೆಯಬೇಕು.

ಕೋಟದಲ್ಲಿ ೧೯೦೨ರಲ್ಲಿ ಜನಿಸಿದ ಶಿವರಾಮ ಕಾರಂತರು ಕಾಲೇಜನ್ನು ತೊರೆದು ಅಸಹಕಾರ ಚಳವಳಿಗೆ ಧುಮುಕಿದವರು. ಪುತ್ತೂರಿನ ಬಾಲವನದಲ್ಲಿ ಅವರು ನಡೆಸಿದ ಪ್ರಯೋಗಗಳು ಹಾಡು, ನಾಟಕ, ಪ್ರಕೃತಿ ವೀಕ್ಷಣೆಗಳ ಮೂಲಕ ಮಗುವಿನ ಕುತೂಹಲವನ್ನು ಕೆರಳಿಸುವ ಉದ್ದೇಶದವು. ೧೯೩೬ರ ಹೊತ್ತಿಗೆ ಪ್ರಕಟವಾದ ಅವರ ‘ಬಾಲ ಪ್ರಪಂಚ’ ಹೊರಜಗತ್ತಿನ ಜ್ಞಾನವನ್ನು ಕನ್ನಡದ ಮಗುವಿಗೆ ತಲಪಿಸಲು ಒಬ್ಬ ವ್ಯಕ್ತಿ ಕೈಗೊಂಡ ಸಾಹಸ. ಯುರೋಪಿನ ಹೊಸ ಶಿಕ್ಷಣ ವಿಚಾರಗಳನ್ನು ಓದಿ ಅರಗಿಸಿಕೊಂಡು ತನ್ನ ನೆಲದಲ್ಲಿ ಪರೀಕ್ಷಿಸಿದ ಈ ಕ್ರಮದಲ್ಲಿ ವಿನಿಮಯಕ್ಕೆ ಹಡಗಿನ ಪ್ರಯಾಣವಾಗಲಿ ಒಪ್ಪಂದವಾಗಲಿ ಬೇಕಾಗಲಿಲ್ಲ.

ಸ್ವಾತಂತ್ರ್ಯಾನಂತರ ಶಾಲೆಗಳ ಸಂಖ್ಯೆ ಬೆಳೆಯಿತು. ೧೯೬೩ರಲ್ಲಿ ಕುಂದಾಪುರದಲ್ಲಿ ಭಂಡಾರ್ಕರ್ಸ್ ಕಾಲೇಜು ಆರಂಭವಾಯಿತು. ಶಾಲೆ ಮನೆಯ ಸಮೀಪಕ್ಕೆ ಬಂದಿತು. ಆದರೆ ಹೋಟೆಲಿಗೆ ಹೊರಟ ಬಾಲಕನ ಬಸ್ಸು ನಿಲ್ಲಲಿಲ್ಲ.

೫. ದಿಕ್ಕು ಬದಲಿಸಿದ ವಿನಿಮಯ: ೧೯೯೬

೧೯೮೦ರ ದಶಕದ ಆರಂಭದಲ್ಲಿ ಬೆಂಗಳೂರಿನ ಹೋಟೆಲು ಮುಂತಾದ ಅಸಂಘಟಿತ ವಲಯಗಳಲ್ಲಿ ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ಕಾರ್ಮಿಕ ಚಳವಳಿಯ ಕಾರ್ಯಕರ್ತರು ಆ ಮಕ್ಕಳಲ್ಲಿ ಅನೇಕರು ಕುಂದಾಪುರ ಸೀಮೆಯಿಂದ ಬಂದವರೆಂಬುದನ್ನು ಕಂಡುಕೊಂಡರು. ನಂದನಾ ರೆಡ್ಡಿಯವರ ಮುಂದಾಳುತನದ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಮಕ್ಕಳು ಹೊರಟುಬರುವ ಊರಿನಲ್ಲಿಯೇ ಕೆಲಸ ಮಾಡಬೇಕೆಂದು ತೀರ್ಮಾನಿಸಿ ಕುಂದಾಪುರಕ್ಕೆ ಬಂದಿತು. ವಾರಾಹಿಯ ದಡದ ಕಂಡ್ಲೂರಿನ ಬಳಿ ‘ನಮ್ಮ ಭೂಮಿ’ ಎಂಬ ಕೇಂದ್ರ ತಲೆಯೆತ್ತಿತು. ಶಾಲೆ ಬಿಟ್ಟ ಮಕ್ಕಳಿಗೆ ವೃತ್ತಿಶಿಕ್ಷಣ ನೀಡುವುದು ಅದರ ಮುಖ್ಯ ಕಾರ್ಯಗಳಲ್ಲೊಂದು. ದುಡಿಯುವ ಮಕ್ಕಳದೇ ಸಂಘಟನೆಯಾದ ‘ಭೀಮ ಸಂಘ’ ೧೯೯೦ರಲ್ಲಿ ರೂಪುಗೊಂಡಿತು. ಈ ಶತಮಾನಾಂತ್ಯದ ದಶಕದಲ್ಲಿ ಸೀಮೆಯ ಕೆಲವು ಗ್ರಾಮ ಪಂಚಾಯತಿಗಳಲ್ಲಿ ‘ಮಕ್ಕಳ ಪಂಚಾಯತಿ’ಗಳು ಹುಟ್ಟಿಕೊಂಡವು. ಶಾಲೆಗೆ ಹೋಗುವವರೂ ಹೋಗದವರೂ ಒಟ್ಟಿಗೆ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸುವುದು, ತಮ್ಮ ಅಹವಾಲುಗಳನ್ನು ಆಲಿಸಲು ‘ಮಕ್ಕಳ ಮಿತ್ರ’ನೊಬ್ಬನನ್ನು ಹೊಂದುವುದು ಈ ವ್ಯವಸ್ಥೆಯ ವಿಶೇಷ.

೧೯೯೬ರ ನವೆಂಬರ್ ಕೊನೆ ಹಾಗೂ ಡಿಸೆಂಬರ್ ಆರಂಭದಲ್ಲಿ ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಮಾವೇಶ ಕುಂದಾಪುರದಲ್ಲಿ ನಡೆಯಿತು. ಲ್ಯಾಟಿನ್ ಅಮೆರಿಕ, ಆಫ್ರಿಕ, ಏಷ್ಯ ಖಂಡಗಳ ೩೦ಕ್ಕೂ ಹೆಚ್ಚು ರಾಷ್ಟ್ರಗಳ ಪ್ರತಿನಿಧಿ ಮಕ್ಕಳು ಇದರಲ್ಲಿ ಸೇರಿದ್ದರು. ೧೯೭೬ರಲ್ಲಿ ಪೆರುವಿನಲ್ಲಿ ಆರಂಭವಾದ ‘ಮಾಂತೊಕ್’ ಚಳವಳಿ, ೧೯೯೪ರಲ್ಲಿ ಐವರಿ ಕೋಸ್ಟಿನ ಬುವಾಕೆಯಲ್ಲಿ ರೂಪುಗೊಂಡ ಆಫ್ರಿಕದ ದುಡಿಯುವ ಮಕ್ಕಳ ಚಳವಳಿ, ಕರ್ನಾಟಕದ ಭೀಮ ಸಂಘ ಇವುಗಳ ಅನುಭವಗಳು ಇಲ್ಲಿ ಮುಖಾಮುಖಿಯಾದವು. ಸಮಾವೇಶದ ಕೊನೆಗೆ ಹೊರಬಿದ್ದ ಹತ್ತು ಅಂಶಗಳ ನಿರ್ಣಯವನ್ನು ಜಗತ್ತಿನ ಬಾಲಕಾರ್ಮಿಕ ಸಾಹಿತ್ಯ ಇಂದಿಗೂ ‘ಕುಂದಾಪುರ ಘೋಷಣೆ’ ಎಂದೇ ಗುರುತಿಸುತ್ತದೆ.

ಈ ಘೋಷಣೆಯ ತಿರುಳನ್ನು ಹೀಗೆ ಸಂಗ್ರಹಿಸಬಹುದು. ತಮ್ಮ ಸಮಸ್ಯೆಗಳನ್ನೂ ಸಂಘಟನೆಗಳನ್ನೂ ಮಾನ್ಯಮಾಡಬೇಕು. ತಮಗೆ ಸಂಬಂಧಿಸಿದ ನಿರ್ಧಾರಗಳಲ್ಲಿ ತಮ್ಮನ್ನು ಕೇಳಬೇಕು. ತಮ್ಮ ಸ್ಥಿತಿಗೆ ಮೂಲವಾದ ಬಡತನವನ್ನು ನಿವಾರಿಸಬೇಕು. ಗ್ರಾಮಗಳಲ್ಲಿಯೇ ಅವಕಾಶ ಹೆಚ್ಚಿಸಿ ವಲಸೆಯ ಬಲವಂತವನ್ನು ತಪ್ಪಿಸಬೇಕು. ಮಕ್ಕಳು ತಯಾರಿಸಿದ ವಸ್ತುಗಳ ಬಹಿಷ್ಕಾರ ಸಲ್ಲದು. ಶೋಷಣೆ ಬೇಡ, ಆದರೆ ಓದಿಗೂ ಬಿಡುವಿಗೂ ಎಡೆಯಿರುವ ಗೌರವದ ದುಡಿಮೆಗೆ ಅವಕಾಶವಿರಬೇಕು. ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಬೇಡಿಕೆಯೆಂದರೆ, ವಿಧಾನದಲ್ಲಿಯೂ ಪಠ್ಯವಸ್ತುವಿನಲ್ಲಿಯೂ ತಮ್ಮ ಬದುಕಿನ ವಾಸ್ತವಕ್ಕೆ ಹೊಂದುವ ಶಿಕ್ಷಣ ಹಾಗೂ ವೃತ್ತಿ ತರಬೇತಿ ಬೇಕೆಂಬುದು. ಎರಡು ವರ್ಷ ಮೊದಲು, ೧೯೯೪ರಲ್ಲಿ, ಸ್ಪೇನಿನ ಸಲಮಾಂಕಾದಲ್ಲಿ ರಾಷ್ಟ್ರಗಳ ಪ್ರತಿನಿಧಿಗಳು ಒಪ್ಪಿದ ಹೇಳಿಕೆಯ ಸಾರವೂ ಶಾಲೆಯೇ ಮಗುವಿಗೆ ಹೊಂದಿಕೊಳ್ಳಬೇಕೆಂಬುದಾಗಿತ್ತು. ಸಲಮಾಂಕಾದಲ್ಲಿ ತಜ್ಞರು ಹೇಳಿದುದನ್ನು ಕುಂದಾಪುರದಲ್ಲಿ ಶಾಲೆ ತಪ್ಪಿದ ಮಕ್ಕಳೇ ಹೇಳಿದರು.

ಇಲ್ಲಿ ವಿನಿಮಯದ ದಿಕ್ಕು ಬದಲಾದುದನ್ನು ಗಮನಿಸಬೇಕು. ೧೮೩೪ರಲ್ಲಿ ಜ್ಞಾನ ಬಾಸೆಲಿನಿಂದ ಕರಾವಳಿಗೆ ಬಂದಿತು. ೧೯೯೬ರಲ್ಲಿ ಕುಂದಾಪುರದಿಂದ ಹೊರಟ ಮಾತು ೧೯೯೭ರ ಫೆಬ್ರವರಿಯ ಆಮ್‌ಸ್ಟರ್‌ಡಾಮ್ ಸಮ್ಮೇಳನವನ್ನೂ ಅದೇ ವರ್ಷ ಅಕ್ಟೋಬರಿನ ಓಸ್ಲೋ ಸಮ್ಮೇಳನವನ್ನೂ ಮುಟ್ಟಿತು. ೨೦೧೨, ೨೦೧೩, ೨೦೧೪ರಲ್ಲಿ ಈ ಸಂಸ್ಥೆಯ ಹೆಸರು ನಾರ್ವೆಯ ಸಂಸದರಿಂದ ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿತವಾಯಿತು. ಕರ್ನಾಟಕದಲ್ಲಿಯೇ ೨೦೦೬ರಲ್ಲಿ ಸರ್ಕಾರ ಎಲ್ಲ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸೂಚಿಸಿದುದರ ಹಿನ್ನೆಲೆಯಲ್ಲಿ ಈ ಸೀಮೆಯ ಪ್ರಯೋಗದ ಪಾತ್ರವಿದೆ.

೬. ವಿವಾದದ ನೆಲೆ

ಘೋಷಣೆಗೆ ಪ್ರಬಲ ವಿರೋಧವೂ ಇತ್ತು, ಇದೆ. ಮಗುವಿನ ದುಡಿಮೆಗೆ ಗೌರವದ ಹೆಸರು ಕೊಟ್ಟರೆ ಬಡವರ ಮಕ್ಕಳಿಗೆ ಕೆಲಸ, ಉಳ್ಳವರ ಮಕ್ಕಳಿಗೆ ಶಾಲೆ ಎಂಬ ವಿಭಜನೆ ಶಾಶ್ವತವಾಗುವುದಿಲ್ಲವೇ ಎಂಬ ಪ್ರಶ್ನೆ ಅಲ್ಲಗಳೆಯುವಂಥದಲ್ಲ. ಸಂಪೂರ್ಣ ನಿರ್ಮೂಲನದ ಪರವಾಗಿ ಹೋರಾಡಿದ ಕೈಲಾಸ್ ಸತ್ಯಾರ್ಥಿಯವರಿಗೆ ೨೦೧೪ರ ಶಾಂತಿ ಪ್ರಶಸ್ತಿ ಸಂದುದು ಈ ಸಂವಾದದ ಇನ್ನೊಂದು ಪಕ್ಷದ ಬಲವನ್ನು ತೋರಿಸುತ್ತದೆ. ಭಾರತದ ಶಾಸನವೂ ಅದೇ ದಿಕ್ಕಿನಲ್ಲಿ ಸಾಗಿತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದು ೬ರಿಂದ ೧೪ ವರ್ಷದ ಮಕ್ಕಳಿಗೆ ಉಚಿತ ಕಡ್ಡಾಯ ಶಿಕ್ಷಣವನ್ನು ಹಕ್ಕಾಗಿಸಿತು. ೨೦೧೬ರ ತಿದ್ದುಪಡಿ ೧೪ರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಶಾಲಾ ಅವಧಿಯ ಹೊರಗೆ ಕುಟುಂಬಕ್ಕೆ ನೆರವಾಗುವುದಕ್ಕೆ ಎಡೆಯಿಟ್ಟಿತು.

ಎರಡು ವಾದಗಳನ್ನೂ ಪಕ್ಕಪಕ್ಕದಲ್ಲಿರಿಸಿ ನೋಡಿದರೆ, ಅವು ಭಿನ್ನವಾಗುವುದು ಗುರಿಯಲ್ಲಿ ಎನ್ನುವುದಕ್ಕಿಂತ ಆರಂಭಬಿಂದುವಿನಲ್ಲಿ ಎನ್ನಬಹುದು. ಕಾಯಿದೆ ಶಾಲೆಯ ಬಾಗಿಲಿನಿಂದ ನೋಡುತ್ತದೆ. ಘೋಷಣೆ ಮಗುವಿನ ಮನೆಯ ಹೊಸ್ತಿಲಿನಿಂದ ನೋಡುತ್ತದೆ. ಹಕ್ಕು ಶಾಸನವಾದ ಮಾತ್ರಕ್ಕೆ ಇವೆರಡರ ನಡುವಣ ದೂರ ಸವೆಯುವುದಿಲ್ಲ. ಮಳೆಗಾಲದಲ್ಲಿ ತೋಡುಗಳ ಮೇಲಿನ ಕಾಲುಸಂಕಗಳನ್ನು ದಾಟಿ ಶಾಲೆಗೆ ಹೋಗುವ ಮಕ್ಕಳು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ೨೦೨೨ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಪುಟ್ಟ ಬಾಲಕಿಯೊಬ್ಬಳು ಶಾಲೆಯಿಂದ ಮರಳುವಾಗ ಕಾಲುಸಂಕದಿಂದ ಬಿದ್ದು ನೀರುಪಾಲಾದಳು. ಒಳಗೊಳ್ಳುವ ಶಿಕ್ಷಣದ ಚರ್ಚೆಯಲ್ಲಿ ಇಂಥ ಸೇತುವೆಗಳಿಗೆ ಸ್ಥಾನವಿಲ್ಲದಿದ್ದರೆ ಆ ಚರ್ಚೆ ಅಪೂರ್ಣ.

ಉಡುಪಿಯಲ್ಲಿ ಎದ್ದ ಶಿರವಸ್ತ್ರದ ವಿವಾದ ಅದೇ ವರ್ಷದ ಫೆಬ್ರವರಿಯಲ್ಲಿ ಕುಂದಾಪುರದ ಕಾಲೇಜುಗಳ ಬಾಗಿಲಿಗೂ ಬಂದು ದೇಶದ ಗಮನ ಸೆಳೆಯಿತು. ರಾಜ್ಯ ಉಚ್ಚ ನ್ಯಾಯಾಲಯ ೨೦೨೨ರ ಮಾರ್ಚ್ ೧೫ರಂದು ತೀರ್ಪಿತ್ತಿತು. ಅಕ್ಟೋಬರ್ ೧೩ರಂದು ಸರ್ವೋಚ್ಚ ನ್ಯಾಯಾಲಯದ ದ್ವಿಸದಸ್ಯ ಪೀಠ ಭಿನ್ನ ಅಭಿಪ್ರಾಯಗಳನ್ನು ನೀಡಿ ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಲು ಸೂಚಿಸಿತು. ನ್ಯಾಯನಿರ್ಣಯ ಈ ಪ್ರಬಂಧದ ವ್ಯಾಪ್ತಿಗೆ ಸೇರಿದುದಲ್ಲ. ಆದರೆ ತರಗತಿಯಲ್ಲಿ ಜೊತೆಗೆ ಕುಳಿತಿದ್ದವರು ಗೇಟಿನ ಎರಡು ಬದಿಗಳಲ್ಲಿ ನಿಂತ ಆ ದಿನಗಳಲ್ಲಿ, ನಡುವೆ ನಿಂತಿದ್ದ ಶಿಕ್ಷಕರಿಗೆ ಅಂಥ ಸಂದರ್ಭಕ್ಕೆ ಯಾವ ತರಬೇತಿ ದೊರೆತಿತ್ತು ಎಂಬ ಪ್ರಶ್ನೆ ಶಿಕ್ಷಣದ ಚರಿತ್ರಕಾರನು ಕೇಳಲೇಬೇಕಾದುದು.

೭. ಶಿಕ್ಷಕ ವಿದ್ಯಾರ್ಥಿಗಳ ವಿನಿಮಯಕ್ಕೆ ಈ ಚರಿತ್ರೆಯ ಪಾಠ

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ೨೦೧೪ರ ನಿಯಮಗಳು ಬಿ.ಎಡ್. ಪದವಿಯನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಶಾಲಾನುಭವದ ಅವಧಿಯನ್ನು ಹೆಚ್ಚಿಸಿ, ಒಳಗೊಳ್ಳುವ ಶಾಲೆಯ ನಿರ್ಮಾಣವನ್ನು ಪಠ್ಯವಿಷಯವನ್ನಾಗಿಸಿದವು. ಚೌಕಟ್ಟು ಈಗ ಇದೆ. ಅದನ್ನು ತುಂಬುವ ಅನುಭವಕ್ಕಾಗಿ ಹೊರದೇಶದ ತರುಣ ಶಿಕ್ಷಕರು ಇಲ್ಲಿಗೂ ಇಲ್ಲಿಯವರು ಅಲ್ಲಿಗೂ ಹೋಗಿಬರುವುದು ಉಪಯುಕ್ತವೇ. ಆದರೆ ಮೇಲಿನ ಚರಿತ್ರೆ ಮೂರು ಎಚ್ಚರಗಳನ್ನು ನೀಡುತ್ತದೆ.

ಒಂದು, ಭಾಷೆ. ಬಾಸೆಲಿನವರು ವರ್ಷಗಟ್ಟಲೆ ಕುಳಿತು ಕನ್ನಡ ಕಲಿತರು. ಕೆಲವು ವಾರಗಳಿಗೆ ಬರುವ ಅತಿಥಿಗೆ ಅದು ಸಾಧ್ಯವಿಲ್ಲ. ಆದುದರಿಂದ ಅವನು ಕಲಿಸುವುದಕ್ಕಿಂತ ಆಲಿಸುವುದಕ್ಕೆ ಬಂದಿರಬೇಕು. ಇಲ್ಲಿಯ ಶಿಕ್ಷಕ ವಿದ್ಯಾರ್ಥಿಯೂ ವಿದೇಶದ ಬಹುಭಾಷಾ ತರಗತಿಯನ್ನು ಮೆಚ್ಚಿ ಬಂದ ಮೇಲೆ ತನ್ನ ಶಾಲೆಯ ಕೊರಗ ನುಡಿಗೂ ಕುಂದಗನ್ನಡಕ್ಕೂ ಅದೇ ಮರ್ಯಾದೆ ಸಲ್ಲಿಸುತ್ತಾನೆಯೇ ಎಂಬುದೇ ಆ ಪ್ರವಾಸದ ಪರೀಕ್ಷೆ.

ಎರಡು, ಪ್ರತ್ಯೇಕತೆಯ ಪ್ರಶ್ನೆ. ರಂಗರಾಯರ ಕಾಲದಲ್ಲಿ ಪ್ರತ್ಯೇಕ ಶಾಲೆ ಅನಿವಾರ್ಯವಾಗಿತ್ತು. ಇಂದು ಖಾಸಗಿ ಆಂಗ್ಲ ಮಾಧ್ಯಮ ಶಾಲೆಗಳ ಕಡೆಗೆ ಉಳ್ಳವರ ಮಕ್ಕಳು ಸರಿದು ಹೋಗಿ, ಕನ್ನಡ ಶಾಲೆ ಬಡವರದಾಗಿ ಉಳಿಯುತ್ತಿರುವಾಗ ಪ್ರತ್ಯೇಕತೆ ಬೇರೊಂದು ಬಾಗಿಲಿನಿಂದ ಒಳಬರುತ್ತಿದೆ. ಅತಿಥಿ ಶಿಕ್ಷಕರನ್ನು ಸುಸಜ್ಜಿತ ಶಾಲೆಗಳಿಗೆ ಮಾತ್ರ ಕರೆದೊಯ್ದರೆ ಅವರು ನೋಡುವುದು ಈ ಸೀಮೆಯನ್ನಲ್ಲ.

ಮೂರು, ಮಗುವಿನ ಮಾತು. ೧೯೯೬ರ ಸಮಾವೇಶದ ನಿಜವಾದ ಕೊಡುಗೆ ಅದು ಮುಂದಿಟ್ಟ ಬೇಡಿಕೆಗಳಿಗಿಂತ ಅದು ಅನುಸರಿಸಿದ ಕ್ರಮದಲ್ಲಿದೆ. ಒಳಗೊಳ್ಳುವಿಕೆಯನ್ನು ಕುರಿತ ಚರ್ಚೆಯಲ್ಲಿ ಹೊರಗುಳಿದವರೇ ಮೊದಲು ಮಾತನಾಡಿದರು. ಶಿಕ್ಷಕ ವಿನಿಮಯದ ಯಾವುದೇ ಕಾರ್ಯಕ್ರಮದಲ್ಲಿ ಮಕ್ಕಳು ನೋಡುಗರ ಮುಂದಿನ ದೃಶ್ಯವಾಗದೆ ಗುರುವಿನ ಸ್ಥಾನದಲ್ಲಿ ನಿಲ್ಲುವಂತಾದರೆ, ಅದು ಈ ನೆಲದ ಪರಂಪರೆಗೆ ಅನುಗುಣವಾದೀತು.

೮. ಸಮಾರೋಪ

ಹೀಗೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಶಿಕ್ಷಣದ ಚರಿತ್ರೆಯಲ್ಲಿ ಹೊರನಾಡಿನ ಸಂಪರ್ಕ ಮೂರು ಹಂತಗಳನ್ನು ಕಂಡಿದೆ. ಮೊದಲು ಹೊರಗಿನವರು ಕಲಿಸಿದರು. ಅನಂತರ ಒಳಗಿನವರು ಹೊರಗಿನದನ್ನು ತಿದ್ದಿ ತಮ್ಮದಾಗಿಸಿಕೊಂಡರು. ಕೊನೆಗೆ ಇಲ್ಲಿಯ ಮಕ್ಕಳ ಮಾತನ್ನು ಹೊರಗಿನವರು ಕೇಳಿಸಿಕೊಂಡರು. ಪ್ರತಿಯೊಂದು ಹಂತದಲ್ಲಿಯೂ ಶಾಲೆಯೊಳಗೆ ಯಾರು ಬಂದರೆಂಬುದಕ್ಕಿಂತ ಯಾರು ಹೊರಗುಳಿದರೆಂಬುದೇ ಆ ಶಿಕ್ಷಣದ ಅಳತೆಗೋಲಾಗಿದೆ. ಮಂಗಳೂರು, ಬಾಸೆಲುಗಳ ದಾಖಲೆಗಳನ್ನು ಬಳಸಿ ಮೊದಲ ಹಂತವನ್ನು ಕುರಿತು ಸಾಕಷ್ಟು ಕೆಲಸವಾಗಿದೆ. ಮಕ್ಕಳ ಪಂಚಾಯತಿಗಳ ನಡಾವಳಿ ಪುಸ್ತಕಗಳು, ಶಾಲಾ ದಾಖಲಾತಿ ಪುಸ್ತಕಗಳು, ವಲಸೆ ಹೋಗಿ ಮರಳಿದವರ ಮೌಖಿಕ ನಿರೂಪಣೆಗಳು ಎರಡನೆಯ ಹಾಗೂ ಮೂರನೆಯ ಹಂತಗಳ ಆಕರಗಳು. ಕಾಗದ ಬೇಗ ಹಾಳಾಗುವ ಈ ಮಳೆನಾಡಿನಲ್ಲಿ ಅವುಗಳ ಸಂಗ್ರಹ ಮತ್ತು ರಕ್ಷಣೆ ನ್ಯಾಯವಾಗಿ ಅಕಾಡೆಮಿಗಳೂ ಗ್ರಂಥಾಲಯಗಳೂ ಕೈಗೊಳ್ಳಬೇಕಾದ ಕಾರ್ಯವಾಗಿದೆ.